ಪರದೇಶಿ ಸಂತನ ಅಳತೆಗಂಬ

ಹಾಸಿ ಲಬಿಯದ್,
24 ಫೆಬ್ರುವರಿ 1967

ಬೂಜಮಾ,

ಸಲಾಮು. ಹೇಳುವ ಮನಸ್ಸಿರಲಿಲ್ಲ, ಆದರೂ ಹೇಳಿದ್ದೇನೆ. ಕಾಗದಕ್ಕೂ ಒಂದು ಮರ್ಯಾದೆ ಇದೆ.

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ತಂಗಿಗೆ ಪ್ರೀತಿ ಉಕ್ಕಿ ಬಂತು ಅಂತ ತಿಳಿಯಬೇಡ. ನೀನು ಫ್ರೆಂಚರ ಜೊತೆ ಗಂಟುಮೂಟೆ ಕಟ್ಟಿ ವಿಮಾನ ಹತ್ತಿದ ದಿನ ಅವ್ವ ಎದೆ ಬಡಿದುಕೊಂಡು ಅತ್ತಳು. "ಇವನ್ನ ಹಡೆದವಳು ಹೆರಿಗೇಲೇ ಮಣ್ಣಿಗೆ ಹೋದ್ಲು. ಒಂದು ಕಡೆ ಕೆಲ್ತೂಮ್, ಇನ್ನೊಂದು ಕಡೆ ಇವನು ಅಂತ ಇಬ್ಬರಿಗೂ ಹಾಲು ಕೊಟ್ಟೆ. ಒಂದು ಮಾತು ಹೇಳದೆ ಹೋದ್ನಲ್ಲೇ" ಅಂದಳು. ಮರುವರ್ಷ ತೀರಿಕೊಂಡಳು. ನಿನಗೆ ತಿಳಿಸಲಿಲ್ಲ. ಈಗ ತಿಳಿಸುತ್ತಿದ್ದೇನೆ.

ಹೋದ ವಾರ ಬುಧವಾರ ಹೊತ್ತೇರಿದ ಮೇಲೆ ಫ್ರೆಂಚರ ಬೇಲಿಯೊಳಗಿಂದ ಮತ್ತೆ ರಾಕೆಟ್ಟು ಹಾರಿತು. ಎಂಟು ದಿನದಲ್ಲಿ ಎರಡನೆಯದು. ಹಿಂದಿನ ದಿನವೇ ಬೇಲಿಯವರ ಟ್ರಕ್ಕು ಬಂದು ನಮ್ಮನ್ನು ಆಡುಕುರಿಗಳ ಸಮೇತ ಬಾವಿಯಿಂದ ಎಬ್ಬಿಸಿ, ಕಣಿವೆಯಾಚೆ ಸುರಿದು ಹೋಯಿತು. ಸಂಜೆ ರೇಡಿಯೋದಲ್ಲಿ ಹೆಂಗಸೊಬ್ಬಳು ಜೇನಿನಂಥ ದನಿಯಲ್ಲಿ, "ನಿರ್ಜನ ಮರುಭೂಮಿಯಿಂದ ಯಶಸ್ವಿಯಾಗಿ ಉಪಗ್ರಹವನ್ನು ಹಾರಿಸಲಾಯಿತು" ಅಂದಳು. ನಿರ್ಜನ! ನಲವತ್ತಮೂರು ಒಲೆ ಉರಿಯುವ ಊರು ಇದು. ಆ ಹೊತ್ತಿಗೆ ನಾವು ಚಳಿಯಲ್ಲಿ ಬಂಡೆಯ ಹಿಂದೆ ಕೂತು ಕುರಿಮರಿಗಳನ್ನು ಮಡಿಲಲ್ಲಿ ಮುಚ್ಚಿಕೊಂಡಿದ್ದೆವು. ನಾವು ಜನ ಅಲ್ಲ. ಸ್ವಾತಂತ್ರ್ಯ ಬಂದು ಐದು ವರ್ಷವಾಯಿತು, ಒಪ್ಪಂದದ ಹೆಸರಲ್ಲಿ ಬೇಲಿ ಮಾತ್ರ ಹಾಗೇ ಇದೆ.

ಇರಲಿ. ಕೆಲಸದ ಮಾತಿಗೆ ಬರುತ್ತೇನೆ.

ಬೇಷಾರ್ ಪಟ್ಟಣದ ಹುತಾತ್ಮರ ಮಂಡಳಿಯಿಂದ ಓಲೆ ಬಂದಿದೆ. ಸ್ವಾತಂತ್ರ್ಯ ಯುದ್ಧದಲ್ಲಿ ಕಾಣೆಯಾದ ಮಿಲೂದನ ಹೆಣವಿಲ್ಲ, ಸಾಕ್ಷಿಯಿಲ್ಲ. ಯಾವನೋ ಒಬ್ಬ, ಅವನು ಮೊರೊಕ್ಕೊದ ಸಂತೆಯಲ್ಲಿ ಬಟ್ಟೆ ಮಾರುತ್ತಿದ್ದದ್ದು ನೋಡಿದ್ದೇನೆ ಅಂತ ಆಣೆ ಇಟ್ಟಿದ್ದಾನಂತೆ. ಸೆಪ್ಟೆಂಬರ್ ಕೊನೆಯೊಳಗೆ ಎರಡು ಸಾಕ್ಷಿ ತರಬೇಕು. ತರದಿದ್ದರೆ ನನ್ನ ಗಂಡನ ಹೆಸರು ಓಡಿಹೋದವರ ಪಟ್ಟಿಗೆ.

ಫ್ರೆಂಚರು ದಕ್ಷಿಣದಲ್ಲಿ ಅಣುಬಾಂಬು ಸಿಡಿಸಿದ ವರ್ಷದ ರಂಜಾನು. ಅವನು ಕೊನೆಗೆ ಹೊರಟದ್ದು ಗಾರಾ ಗುಡ್ಡದ ಕಡೆಗೆ. ಆ ತಿಂಗಳು ಆ ಗುಡ್ಡದ ಮೇಲೆ ಸರ್ವೆಯವರ ಡೇರೆ ಇತ್ತು. ಡೇರೆಯಲ್ಲಿ ನೀನಿದ್ದೆ. ನನಗೆ ಇಷ್ಟು ಗೊತ್ತು. ನಿನಗೆ ಎಷ್ಟು ಗೊತ್ತು?

ಅವನು ಹೋದಾಗ ಇಪ್ಪತ್ತೇಳು ವರ್ಷ. ವರ್ಷ ಕಳೆದ ಹಾಗೆ ನಾನು ಅವನಿಗೆ ವಯಸ್ಸು ಕೂಡಿಸುತ್ತ ಬಂದಿದ್ದೇನೆ. ಈಗ ಮೂವತ್ತನಾಲ್ಕು. ಗಡ್ಡದಲ್ಲಿ ಎರಡು ಬಿಳಿ ಕೂದಲನ್ನೂ ಇಟ್ಟಿದ್ದೇನೆ. ಅವನು ಸತ್ತಿದ್ದರೆ ನಾನು ಅವನಿಗಿಂತ ದೊಡ್ಡವಳಾಗಿಬಿಟ್ಟಿದ್ದೇನೆ, ಬೂಜಮಾ. ಬದುಕಿದ್ದರೆ ಅವನ ಗಂಟಲು ಹಿಡಿದು ಕೇಳಬೇಕು. ಎರಡರಲ್ಲಿ ಒಂದು ಬೇಕು ನನಗೆ. ನಡುವೆ ನಿಂತು ನಿಂತು ಕಾಲು ಸೋತಿವೆ.

ಹಾಲಿನ ಋಣ ಇದ್ದರೆ ಬರೆ.

ಕೆಲ್ತೂಮ್


ಪ್ರೊವಾನ್ಸ್,
19 ಮಾರ್ಚ್ 1967

ತಂಗೀ ಕೆಲ್ತೂಮ್,

ಸಲಾಂ. ನಿನಗೆ, ನಿನ್ನ ಅತ್ತೆ ಯಮೀನಾಗೆ, ನಲವತ್ತಮೂರು ಒಲೆಗೂ ಸಲಾಂ.

ಅವ್ವನ ಸುದ್ದಿ ಓದಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಮೂರನೆಯ ದಿನ ಬೆಟ್ಟದ ವೀಕ್ಷಣಾಲಯದ ಎಂಜಿನಿಯರು ಕೋಣೆಗೇ ಬಂದ.

"ಯಾರು ಸತ್ತದ್ದು?"

"ಅವ್ವ."

"ನಿನ್ನ ತಾಯಿ ಹೆರಿಗೆಯಲ್ಲೇ ಸತ್ತಳು ಅಂತ ನಿನ್ನ ಕಡತದಲ್ಲಿದೆಯಲ್ಲಯ್ಯ?"

"ಇದು ಇನ್ನೊಬ್ಬಳು."

"ನಿಮ್ಮಲ್ಲಿ ಹೆಂಡತಿಯರು ನಾಲ್ಕು ಅಂತ ಕೇಳಿದ್ದೆ. ತಾಯಂದಿರೂ ನಾಲ್ಕಾ?" ಅಂತ ನಕ್ಕ. ಕೆಟ್ಟವನಲ್ಲ. ಆದರೆ ಹಾಲಿನ ಸಂಬಂಧವನ್ನು ಇವರ ಭಾಷೆಯಲ್ಲಿ ಬಿಡಿಸಿ ಹೇಳಲು ಹೊರಟರೆ ದನದ ವ್ಯಾಪಾರದ ಮಾತಿನ ಹಾಗೆ ಕೇಳುತ್ತದೆ.

ನನ್ನ ಕೆಲಸ ಏನು ಅಂತ ನೀನು ಕೇಳಿಲ್ಲ. ಆದರೂ ಹೇಳುತ್ತೇನೆ. ನಿಮ್ಮನ್ನು ಬಾವಿಯಿಂದ ಎಬ್ಬಿಸಿ ಹಾರಿಸಿದ್ದಾರಲ್ಲ, ಆ ಎರಡಕ್ಕೂ ಕಿರೀಟ ಅಂತ ಹೆಸರಿಟ್ಟಿದ್ದಾರೆ. ಅವುಗಳ ಲಂಗದ ಅಂಚಿಗೆ ಸುತ್ತಲೂ ಸಣ್ಣ ಸಣ್ಣ ಕನ್ನಡಿ ಹೊಲಿದಿದ್ದಾರೆ, ಮದುವಣಗಿತ್ತಿಯ ಬಟ್ಟೆಗೆ ಹೊಲಿದ ಹಾಗೆ. ಸೂರ್ಯ ಮುಳುಗಿ ನಮಗೆ ಕತ್ತಲಾದರೂ ಅಷ್ಟು ಎತ್ತರದಲ್ಲಿ ಇನ್ನೂ ಬಿಸಿಲಿರುತ್ತದೆ. ಆ ಹೊತ್ತಿನಲ್ಲಿ ಅದು ಚುಕ್ಕಿಯ ಹಾಗೆ ಹರಿದು ಹೋಗುತ್ತದೆ. ನಾನು ಯಂತ್ರದ ಮೇಲೆ ಕೂತು, ಹಿಡಿಕೆ ಹಿಡಿದು, ಆ ಚುಕ್ಕಿಯನ್ನು ದುರ್ಬೀನಿನ ಎರಡು ಗೆರೆ ಕೂಡುವ ಕಡೆಯಲ್ಲೇ ಇಟ್ಟಿರಬೇಕು. ಪಕ್ಕದವನು ಕೆಂಪು ಬೆಳಕಿನ ಒಂದು ಏಟು ಬಿಡುತ್ತಾನೆ. ಬೆಳಕು ಹೋಗಿ, ಕನ್ನಡಿಗೆ ತಾಗಿ, ತಿರುಗಿ ಬರುತ್ತದೆ. ಹೋಗಿ ಬಂದ ಹೊತ್ತನ್ನು ಎಣಿಸಿದರೆ ದೂರ ಸಿಕ್ಕಿತು. ಇಲ್ಲಿಂದ ಒಂದು ಏಟು, ಗ್ರೀಸ್‌ನಿಂದ ಒಂದು, ನಿಮ್ಮ ಪಕ್ಕದ ಬೇಲಿಯೊಳಗಿಂದ ಒಂದು. ಮೂರನ್ನೂ ಕೂಡಿಸಿ ಭೂಮಿ ಎಷ್ಟು ಗುಂಡಗಿದೆ, ಎಲ್ಲಿಂದ ಎಲ್ಲಿಗೆ ಎಷ್ಟು ದೂರ ಅಂತ ಲೆಕ್ಕ ಹಾಕುತ್ತಾರೆ. ಒಂದೂವರೆ ವರ್ಷದ ಹಿಂದೆ ಎಲ್ಲಕ್ಕಿಂತ ಮೊದಲನೆಯ ಉಪಗ್ರಹವನ್ನು ಹಾರಿಸಿದರಲ್ಲ, ಅದು ಮೇಲೆ ಹೋದ ಕೂಡಲೇ ಮೂಕಾಯಿತು. ಇನ್ನೂ ಸುತ್ತುತ್ತಲೇ ಇದೆ, ಒಂದು ಮಾತಿಲ್ಲದೆ. ಇವಕ್ಕೆ ಮಾತೇ ಬೇಕಿಲ್ಲ, ಕನ್ನಡಿ ಸಾಕು.

ಇಡೀ ಬೆಟ್ಟದಲ್ಲಿ ಕೈ ನಡುಗದವನು ನಾನೊಬ್ಬನೇ ಅಂತ ನನ್ನನ್ನು ಇಟ್ಟುಕೊಂಡಿದ್ದಾರೆ.

ನಾನು ಕೂತ ಜಾಗದಿಂದ ನಮ್ಮ ಗಾರಾ ಗುಡ್ಡದ ಬಿಳಿ ಕಂಬಕ್ಕೆ ಸಾವಿರದ ಆರುನೂರು ಚಿಲ್ಲರೆ ಕಿಲೋಮೀಟರು. ಚಿಲ್ಲರೆಯನ್ನೂ ಮೀಟರಿನ ತನಕ ಇಳಿಸುತ್ತಿದ್ದಾರೆ. ಬೇಲಿಯೊಳಗಿನ ಯಂತ್ರದ ಜಾಗವನ್ನು ಆ ಕಂಬದಿಂದಲೇ ಅಳೆದು ಲೆಕ್ಕ ಹಿಡಿಯುವುದು. ಆ ಕಂಬ ಹೇಗಿದೆ? ಯಾರಾದರೂ ಆ ಕಡೆ ಹೋಗುತ್ತಾರಾ?

ಮಿಲೂದನ ವಿಷಯದಲ್ಲಿ ನಾನು ಬರೆಯುವಂಥದ್ದು ಏನೂ ಇಲ್ಲ. ನಾನು ಕೂಲಿಯವನು. ಹಗ್ಗ ಹಿಡಿ ಅಂದರು, ಹಿಡಿದೆ. ಗುಂಡಿ ತೋಡು ಅಂದರು, ತೋಡಿದೆ.

ಸಂಜೆ ಚುಕ್ಕಿ ಹರಿಯುವಾಗ ನೀನೂ ಮೇಲೆ ನೋಡು. ನಾನೂ ಅದನ್ನೇ ನೋಡುತ್ತಿರುತ್ತೇನೆ.

ನಿನ್ನ ಅಣ್ಣ,
ಬೂಜಮಾ


ಹಾಸಿ ಲಬಿಯದ್,
11 ಏಪ್ರಿಲ್ 1967

ಬೂಜಮಾ,

ನಾನು ಗಂಡನನ್ನು ಕೇಳಿದರೆ ನೀನು ಕನ್ನಡಿ ತೋರಿಸಿದೆ.

ರಾಜರ ತಲೆ ತೆಗೆದೆವು ಅಂತ ಎದೆ ತಟ್ಟಿಕೊಳ್ಳುವ ದೇಶಕ್ಕೆ ಇನ್ನೂ ಕಿರೀಟದ ಚಪಲ ಹೋಗಿಲ್ಲ. ಅದಕ್ಕೆ ಕೈ ಜೋಡಿಸುವವನು ನೀನು. ಚುಕ್ಕಿಯನ್ನು ಇಬ್ಬರೂ ನೋಡೋಣ ಅಂತೀಯ. ಏಳು ವರ್ಷ ಚಂದ್ರನನ್ನು ನೋಡಿದೆ, ಚಂದ್ರ ಅವನನ್ನು ತಂದುಕೊಡಲಿಲ್ಲ. ಈಗ ಫ್ರೆಂಚರ ತಗಡು ನೋಡಲಾ? ನಮ್ಮಲ್ಲಿ ದೂರವನ್ನು ಹೇಗೆ ಹೇಳುತ್ತೇವೆ, ಮರೆತೆಯಾ? ಒಂದು ತೊಗಲುಚೀಲ ನೀರಿನ ದೂರ, ಎರಡು ತೊಗಲು ನೀರಿನ ದೂರ. ನೀನಿರುವುದು ನೀರು ಮುಗಿದ ಮೇಲಿನ ದೂರದಲ್ಲಿ. ಅದಕ್ಕೆ ಮೀಟರು ಬೇಕಿಲ್ಲ.

ಮಂಡಳಿಗೆ ಹೋಗಿದ್ದೆ. ಲಾರಿಯ ಹಿಂದೆ ಕೂತು, ಧೂಳು ಕುಡಿದು. ಮೇಜಿನಾಚೆ ಹೊಸ ಕೋಟಿನ ಗುಮಾಸ್ತ.

"ಸಾಕ್ಷಿ ಎಲ್ಲಮ್ಮಾ?"

"ಏಳು ವರ್ಷ ಬಂದಿಲ್ಲ. ಅದೇ ಸಾಕ್ಷಿ."

"ಮನೆಗೆ ಬರದ ಗಂಡಂದಿರು ಬೇಕಾದಷ್ಟಿದಾರೆ. ಎಲ್ಲರೂ ಹುತಾತ್ಮರಾ?" ಪಕ್ಕದವನು ಕಿಸಕ್ಕನೆ ನಕ್ಕ.

"ನಿನ್ನ ಹೆಂಡ್ತಿ ಅದೃಷ್ಟವಂತೆ ಬಿಡಪ್ಪ. ನೀನು ದಿನಾ ಮನೆಗೆ ಹೋಗ್ತೀಯ. ಯುದ್ಧದಲ್ಲೂ ದಿನಾ ಮನೆಗೇ ಹೋಗ್ತಿದ್ದೆ ಅನ್ಸುತ್ತೆ."

ನಗು ನಿಂತಿತು. ನನ್ನ ಅರ್ಜಿ ಕಟ್ಟಿನ ತಳಕ್ಕೆ ಹೋಯಿತು. ಹೋಗಲಿ. ಯುದ್ಧದಲ್ಲಿ ನಾನು ಕುರಿ ಉಣ್ಣೆಯೊಳಗೆ ಚೀಟಿ ಇಟ್ಟು ಮೂರು ಕಾವಲು ದಾಟಿದವಳು. ಅಂದು ಇವರಿಗೆ ನಾನು "ವೀರ ಸೋದರಿ". ಈಗ "ಎಲ್ಲಮ್ಮಾ ಸಾಕ್ಷಿ".

ಕಂಬ ಹೇಗಿದೆ ಅಂತ ಕೇಳಿದೆಯಲ್ಲ, ಕೇಳು, ನಗು ಬರುತ್ತದೆ. ದೂರದಿಂದ ಕಾಣಲಿ ಅಂತ ಬೇಲಿಯವರು ವರ್ಷಕ್ಕೊಮ್ಮೆ ಅದಕ್ಕೆ ಸುಣ್ಣ ಬಳಿಯುತ್ತಾರೆ. ಗುಡ್ಡದ ಮೇಲೆ ಬಿಳಿ ಸುಣ್ಣ ಕಂಡರೆ ನಮ್ಮ ಹೆಂಗಸರಿಗೆ ಅದು ಸಂತನ ಗೋರಿಯೇ. ಒಬ್ಬಳು ಹೋಗಿ ಬಟ್ಟೆಚೂರು ಕಟ್ಟಿದಳು. ಅವಳ ಕೂಸಿನ ಕೆಮ್ಮು ನಿಂತಿತು. ಮುಗಿಯಿತಲ್ಲ! ಈಗ ಕಂಬದ ತುಂಬ ಬಟ್ಟೆ. ಸಂತನ ಹೆಸರು ಯಾರಿಗೂ ಗೊತ್ತಿಲ್ಲ, ಹಾಗಾಗಿ ಸೀದಿ ಘರೀಬ್ ಅಂತ ಕರೆದರು, ಪರದೇಶಿ ಸಂತ ಅಂತ. ನನ್ನ ಅಕ್ಷರ ಶಾಲೆಯ ಹದಿನಾರು ಹೆಂಗಸರಲ್ಲಿ ಹನ್ನೊಂದು ಜನ ಗುರುವಾರ ಪಾಠ ಬಿಟ್ಟು ಅಲ್ಲಿಗೆ ಹೋಗುತ್ತಾರೆ. ಮುಂದಾಳು ಯಾರು? ನನ್ನ ಅತ್ತೆ ಯಮೀನಾ.

"ಅತ್ತೆ, ಅದು ಫ್ರೆಂಚರ ಅಳತೆಗಂಬ. ಒಳಗೆ ಸಿಮೆಂಟು ಬಿಟ್ಟು ಏನೂ ಇಲ್ಲ."

"ನೀನೇನು ಒಳಗೆ ಹೊಕ್ಕು ನೋಡಿದ್ದೀಯೇನೇ?"

"ನೋಡೋದೇನು ಬಂತು? ಕಟ್ಟಿದವನು ನಮ್ಮ ಬೂಜಮಾ."

"ಗಾರೆಯವನು ಕಟ್ಟಿದ ಅಂತ ಮಸೀದೀಲಿ ನಮಾಜು ಬಿಡ್ತಾರಾ? ಅಲ್ಲಿ ಕೂತ್ರೆ ನನ್ನೆದೆ ಹಗುರಾಗ್ತದೆ. ನಿನ್ನ ಶಾಲೇಲಿ ಕೂತ್ರೆ ಸೊಂಟ ಹಿಡೀತದೆ."

"ಏನು ಬೇಡ್ಕೋತೀಯ ಅಲ್ಲಿ?"

"ಬೇಡ್ಕೊಳ್ಳೋದಿಲ್ಲ. ಬೈತೀನಿ. ನನ್ನ ಮಗನ್ನ ಎಲ್ಲಿಟ್ಟಿದ್ದೀಯೋ ಹೇಳೋ ಪರದೇಶಿ, ಅಂತ ಬೈತೀನಿ."

ನೋಡಿದೆಯಾ, ನಿನ್ನ ಸಿಮೆಂಟಿಗೆ ಎಂಥಾ ಪಟ್ಟ ಸಿಕ್ಕಿದೆ! ನಾವು ನೂರ ಮೂವತ್ತು ವರ್ಷ ಅವರ ಬೂಟು ಹೊತ್ತೆವು, ಈಗ ಅವರ ಕಂಬಕ್ಕೆ ಹರಕೆ ಕಟ್ಟುತ್ತಿದ್ದೇವೆ. ಹೊಟ್ಟೆ ಉರಿಯುತ್ತದೆ.

ನೇರವಾಗಿ ಕೇಳುತ್ತೇನೆ. ಆ ತಿಂಗಳು ಮಿಲೂದನನ್ನು ನೀನು ನೋಡಿದೆಯಾ, ಇಲ್ಲವಾ? ಹೌದು ಅಥವಾ ಇಲ್ಲ. ಎರಡಕ್ಷರ ಬರೆಯಲು ಕೈ ನಡುಗುವುದಿಲ್ಲವಲ್ಲ ನಿನಗೆ?

ಕೆಲ್ತೂಮ್


ಪ್ರೊವಾನ್ಸ್,
4 ಮೇ 1967

ಕೆಲ್ತೂಮ್,

ಅತ್ತೆಯನ್ನು ತಡೆಯಬೇಡ. ಗುರುವಾರ ಹೋಗಲಿ. ಎಲ್ಲರನ್ನೂ ಹೋಗಲು ಬಿಡು.

ನಿನ್ನ ಕಾಗದವನ್ನು ಕೆಳಗಿನ ಊರಿನ ಕಾಫಿ ಅಂಗಡಿಯಲ್ಲಿ ಓದಿದೆ. ಪಕ್ಕದ ಮೇಜಿನಲ್ಲಿ ನಮ್ಮವರೇ ನಾಲ್ಕು ಜನ ಇದ್ದರು, ರಸ್ತೆ ಕೆಲಸದವರು. ನಾನು ಕಂಬದ ವಿಷಯ ಓದಿ ಮುಖ ಮುಚ್ಚಿಕೊಂಡಿದ್ದು ಕಂಡು ಒಬ್ಬ, "ಏನೋ ಹರ್ಕಿ, ಮನೇಲಿ ಕುರಿ ಸತ್ತೋಯ್ತಾ?" ಅಂದ. ಹರ್ಕಿ ಅಂದರೆ ಫ್ರೆಂಚರ ಕಡೆ ಕೋವಿ ಹಿಡಿದ ದ್ರೋಹಿ. ನಾನು ಕೋವಿ ಹಿಡಿದವನಲ್ಲ, ಕೋಲು ಹಿಡಿದವನು. ಕೆಂಪು ಬಿಳಿ ಪಟ್ಟೆಯ ಅಳತೆಗೋಲು. ಅವರಿಗೆ ಎರಡೂ ಒಂದೇ. ನಿನಗೂ ಒಂದೇ ಇರಬೇಕು. ತಕರಾರಿಲ್ಲ.

ಆ ಕಂಬ ಕಟ್ಟಿದ್ದು ಹೇಗೆ ಅಂತ ಹೇಳುತ್ತೇನೆ. ಗುಂಡಿ ಒಂದೂವರೆ ಮೀಟರು ಆಳ. ಜಲ್ಲಿ, ಸಿಮೆಂಟು, ಒಳಗೆ ಕಬ್ಬಿಣ. ನೆತ್ತಿಯ ಮೇಲೆ ಹಿತ್ತಾಳೆ ಬಿಲ್ಲೆ, ಬಿಲ್ಲೆಯ ನಡುವೆ ಸೂಜಿ ಚುಚ್ಚಿದಷ್ಟು ಗುರುತು. ಅದು ಒಂದು ಬೆರಳು ಕದಲಿದರೂ ಎಲ್ಲ ಅಳತೆ ಸುಳ್ಳಾಗುತ್ತದೆ. ಹಾಗಾಗಿ ಅದನ್ನು ಯಾರೂ ಅಗೆಯುವುದಿಲ್ಲ, ಮುಟ್ಟುವುದಿಲ್ಲ, ಪಕ್ಕದಲ್ಲಿ ಗಾಡಿ ಓಡಿಸುವುದಿಲ್ಲ. ಇಡೀ ಸಹಾರಾದಲ್ಲಿ ಫ್ರೆಂಚರು ಕಣ್ಣಿಟ್ಟು ಕಾಯುತ್ತಿದ್ದದ್ದು ಅಂಥ ಕೆಲವು ಕಂಬಗಳನ್ನು ಮಾತ್ರ. ಮನುಷ್ಯರನ್ನಲ್ಲ.

ಅದರ ಅಂಕಿಗಳು ಇಲ್ಲಿ ನಾನು ಕೂರುವ ಗೋಡೆಯ ಮೇಲೆ ಬರೆದಿವೆ. ದಿನಾ ನೋಡುತ್ತೇನೆ.

ನೀನು ಕೇಳಿದ ಎರಡಕ್ಷರ ಬರೆಯಲು ಕೂತೆ. ನಾಲ್ಕು ಕಾಗದ ಹರಿದೆ. ಇದು ಐದನೆಯದು.

ಬೂಜಮಾ


ಹಾಸಿ ಲಬಿಯದ್,
7 ಜೂನ್ 1967

ಬೂಜಮಾ,

ಮೊನ್ನೆ ಶುರುವಾದ ಅರಬರ ಯುದ್ಧದ ಸುದ್ದಿಗೆ ರೇಡಿಯೋದ ಸುತ್ತ ಇಡೀ ಊರು ಕೂತಿದೆ. ಕೈರೋ ಗೆದ್ದೆವು ಅನ್ನುತ್ತದೆ, ಲಂಡನ್ ಸೋತರು ಅನ್ನುತ್ತದೆ. ನಮ್ಮವರ ಮಾತು ನಂಬಲು ಆಸೆ, ಆದರೂ ಮತ್ತೆ ಮತ್ತೆ ಲಂಡನ್ನಿಗೇ ತಿರುಗಿಸುತ್ತೇವೆ. ಹಾಗಾಗಿ ಸುತ್ತಿ ಬಳಸಿ ಬರೆಯುವ ಸಹನೆ ಇಲ್ಲ.

ಬೇಲಿಯವರು ಜುಲೈ ಒಂದಕ್ಕೆ ಖಾಲಿ ಮಾಡುತ್ತಾರೆ. ಖಚಿತ. ಟ್ರಕ್ಕುಗಳಲ್ಲಿ ಸಾಮಾನು ಆಗಲೇ ಹೋಗುತ್ತಿದೆ. ನಿನ್ನೆ ಪಕ್ಷದ ಸಮಿತಿ ಸೇರಿತ್ತು. ಜುಲೈ ಐದು, ಸ್ವಾತಂತ್ರ್ಯದ ದಿನ, ಏನು ಮಾಡೋಣ ಅಂತ ಅಧ್ಯಕ್ಷ ಸೀ ಕದ್ದೂರ್ ಕೇಳಿದರು. ಒಬ್ಬ ಕುದುರೆ ಓಟ ಅಂದ, ಒಬ್ಬ ಕುರಿ ಸುಡೋಣ ಅಂದ. ಗಂಡಸರ ಸ್ವಾತಂತ್ರ್ಯ ಹೊಟ್ಟೆಯಿಂದ ಮೇಲೆ ಏರುವುದೇ ಇಲ್ಲ. ನಾನು ಎದ್ದು ನಿಂತೆ. "ಗಾರಾ ಗುಡ್ಡದ ಕಂಬ ಕೆಡವೋಣ. ನಮ್ಮ ನೆಲವನ್ನು ನಮಗೆ ಕೇಳದೆ ಅಳೆದ ಗೂಟ ಅದು" ಅಂದೆ.

ಸೀ ಕದ್ದೂರ್ ತಲೆ ಕೆರೆದುಕೊಂಡರು. "ಹೆಂಗಸರು ಸುಮ್ನಿರ್ತಾರೇನಮ್ಮ?"

"ನಾನೂ ಹೆಂಗಸೇ. ಮೊದಲ ಏಟು ನನ್ನದು."

ತೀರ್ಮಾನವಾಯಿತು. ಅತ್ತೆ ನಿನ್ನೆಯಿಂದ ನನ್ನ ಕೈಯ ರೊಟ್ಟಿ ತಿನ್ನುತ್ತಿಲ್ಲ.

ಈಗ ನಿನ್ನ ವಿಷಯ. ನಾನು ಕೇಳಿದ್ದು ಎರಡಕ್ಷರ, ನೀನು ಕೊಟ್ಟದ್ದು ಜಲ್ಲಿ ಸಿಮೆಂಟು. ನಿನಗೆ ಏನೂ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಅಂತ ಬರೆಯುತ್ತಿದ್ದೆ. ನಾಲ್ಕು ಕಾಗದ ಹರಿಯುತ್ತಿರಲಿಲ್ಲ. ಗೊತ್ತಿದೆ ನಿನಗೆ. ಗೊತ್ತಿದ್ದೂ ಅವನನ್ನು ಮೊರೊಕ್ಕೊದಲ್ಲಿ ಬಟ್ಟೆ ಮಾರುವವನಾಗಲು ಬಿಡುತ್ತೀಯ ಅಂದರೆ, ಅವನನ್ನು ಹಿಡಿದುಕೊಟ್ಟವನು ನೀನೇ. ಏಳು ವರ್ಷ ಈ ಮಾತು ಊರು ಆಡಿತು. ನಾನು ಊರಿನ ಬಾಯಿ ಬಡಿದೆ. ಈಗ ನಾನೇ ಆಡುತ್ತಿದ್ದೇನೆ.

ನಮ್ಮವ್ವನ ಹಾಲನ್ನು ಹಿಂದಕ್ಕೆ ಕೇಳುತ್ತೇನೆ, ಬೂಜಮಾ. ಕೊಡಲಾರೆಯಾದರೆ ಮಾತು ಕೊಡು.

ಕೆಲ್ತೂಮ್


ಪ್ರೊವಾನ್ಸ್,
25 ಜೂನ್ 1967

ಕೆಲ್ತೂಮ್,

ಕಂಬ ಮುಟ್ಟಬೇಡ. ಮಿಲೂದ್ ಅದರ ಕೆಳಗಿದ್ದಾನೆ.

ನಿನ್ನ ಕಾಗದ ನಿನ್ನೆ ಬಂತು. ತಂತಿ ಕೊಡಲು ಓಡಿದೆ. ಅಂಚೆಯಾಕೆ ಲೇಖನಿ ಹಿಡಿದು, ಏನು ಬರೆಯಲಿ ಅಂದಳು. ಈ ಮಾತನ್ನು ಬೇಷಾರ್‌ನ ಗುಮಾಸ್ತ ನಿನಗಿಂತ ಮೊದಲು ಓದಬೇಕೇ? "ಕಂಬ ಮುಟ್ಟಬೇಡಿ. ಕಾಗದ ಬರುತ್ತಿದೆ" ಅಂತಷ್ಟೇ ಕೊಟ್ಟೆ. ತಂತಿ ನಿನಗೆ ಮುಟ್ಟಲಿ. ದೇವರೇ, ಮುಟ್ಟಲಿ.

ರಂಜಾನಿನ ಹದಿನೇಳನೆಯ ದಿನ. ಸರ್ವೆಯ ಸಾಹೇಬ ಬೇಷಾರ್‌ಗೆ ಹೋಗಿದ್ದ. ಉಳಿದ ಆಳುಗಳು ನೀರಿನ ಗಾಡಿಯ ಜೊತೆ ಇಳಿದಿದ್ದರು. ಗುಂಡಿ ತೋಡಿ ಮುಗಿದಿತ್ತು, ಮರುದಿನ ಬೆಳಿಗ್ಗೆ ಸಿಮೆಂಟು ಸುರಿಯುವುದಿತ್ತು. ಕಾವಲಿಗೆ ನಾನೊಬ್ಬ. ಸೂರ್ಯ ಮುಳುಗಲು ಸ್ವಲ್ಪ ಮುಂಚೆ ಮಿಲೂದ್ ತೆವಳಿಕೊಂಡು ಬಂದ. ಹೊಟ್ಟೆಗೆ ಗುಂಡು ಬಿದ್ದಿತ್ತು. ನೀರು ಕೊಟ್ಟೆ. "ಸೂರ್ಯ ಮುಳುಗಲಿ" ಅಂದ, ಆ ಸ್ಥಿತಿಯಲ್ಲಿ! ಡೇರೆಯೊಳಗೆ ಎಳೆದು ಸಿಮೆಂಟು ಚೀಲಗಳ ಹಿಂದೆ ಮಲಗಿಸಿದೆ. ಸ್ವಲ್ಪ ಮಾತಾಡಿದ.

ಆಗ ಜೀಪು ಬಂತು. ಗಸ್ತಿನವರು, ಐದು ಜನ. ಅವನ ರಕ್ತದ ಜಾಡು ಹಿಡಿದು ಬಂದವರು, ಮಬ್ಬುಗತ್ತಲಲ್ಲಿ ಗುಡ್ಡದ ಕಲ್ಲಿನ ಮೇಲೆ ಜಾಡು ತಪ್ಪಿತ್ತು. ನನ್ನ ಡೇರೆ ತಮ್ಮವರದ್ದೇ ಅಂತ ಒಳಗೆ ಹುಡುಕಲಿಲ್ಲ. ಹೊರಗೆ ನಿಂತು ಸಿಗರೇಟು ಹಚ್ಚಿದರು. ಕ್ಯಾನ್ವಾಸಿನ ಆಚೆ ಅವರ ಬೂಟು ಕಾಣುತ್ತಿತ್ತು. ಮಿಲೂದ್ ನರಳಲು ಶುರು ಮಾಡಿದ. ನಾನು ಅವನ ಬಾಯಿಯ ಮೇಲೆ ಕೈ ಇಟ್ಟೆ. ಅವನು ನನ್ನ ಮಣಿಕಟ್ಟು ಹಿಡಿದುಕೊಂಡ. ಬಿಡು ಅಂತಲೋ, ಬಿಡಬೇಡ ಅಂತಲೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ಎರಡು ಸಿಗರೇಟು ಸೇದುವಷ್ಟು ಹೊತ್ತು ನಿಂತರು. ಜೀಪು ಹೋದ ಮೇಲೆ ಕೈ ತೆಗೆದೆ. ಅವನು ಇರಲಿಲ್ಲ.

ಗುಂಡಿನಿಂದ ಸತ್ತನೋ, ನನ್ನ ಕೈಯಿಂದ ಸತ್ತನೋ? ಏಳು ವರ್ಷ ಇದೊಂದೇ ಲೆಕ್ಕ ಮಾಡುತ್ತಿದ್ದೇನೆ. ಯಾವ ಯಂತ್ರವೂ ಇದನ್ನು ಅಳೆಯುವುದಿಲ್ಲ. ಇಲ್ಲಿಯವರು ಹೊಗಳುವುದು ಇದೇ ಕೈಯನ್ನು.

ಬೆಳಕು ಹರಿಯುತ್ತಿದ್ದಂತೆ ಗುಂಡಿಯನ್ನು ಇನ್ನೂ ಒಂದು ಮೊಳ ತೋಡಿದೆ. ಅವನನ್ನು ತೊಳೆಯಲಿಲ್ಲ. ಉಟ್ಟ ಬಟ್ಟೆಯಲ್ಲೇ, ರಕ್ತದ ಸಮೇತ ಇಳಿಸಿದೆ. ಬಲ ಮಗ್ಗುಲಾಗಿ ಮಲಗಿಸಿ ಮುಖ ಕಿಬ್ಲಾದ ಕಡೆ ತಿರುಗಿಸಿದೆ. ದಿಕ್ಕು ನೋಡಲು ಇಡೀ ಸಹಾರಾದಲ್ಲೇ ಅತ್ಯಂತ ನಿಖರವಾದ ಯಂತ್ರ ನನ್ನ ಪಕ್ಕದಲ್ಲಿತ್ತು, ಕೆಲ್ತೂಮ್. ಅದನ್ನೇ ಇಟ್ಟು ನೋಡಿದೆ. ಯಾವ ಸುಲ್ತಾನನ ಗೋರಿಯೂ ಅಷ್ಟು ನೇರ ಮೆಕ್ಕಾ ನೋಡಿರಲಾರದು. ಒಬ್ಬನೇ ನಿಂತು ಜನಾಜಾ ನಮಾಜು ಮಾಡಿದೆ. ಮರಳು ಹಾಕಿ ತುಳಿದೆ. ಎಂಟು ಗಂಟೆಗೆ ಸಾಹೇಬ ಬಂದ. ಗುಂಡಿಯೊಳಗೆ ಕೋಲು ಇಳಿಸಿ ನೋಡಿದ. ಒಂದೂವರೆ ಮೀಟರು, ಸರಿಯಾಗಿತ್ತು. "ಶಾಬಾಸ್" ಅಂದ. ಸುರಿದೆವು.

ಫ್ರೆಂಚರು ಅಗೆಯದ ಜಾಗ ಅಂತ ಅದೊಂದೇ ಇತ್ತು. ನಾನು ಅವನನ್ನು ಅವರ ಕೈಯಲ್ಲೇ ಕಾಯಿಸಿದೆ.

ಸ್ವಾತಂತ್ರ್ಯ ಬಂದಾಗ ಯಾಕೆ ಹೇಳಲಿಲ್ಲ? ಹೇಳಲು ಎರಡು ಸಲ ನಿನ್ನ ಬಾಗಿಲಿಗೆ ಬಂದೆ. ಎರಡು ಸಲವೂ ನೀನು "ಮಿಲೂದನ ಸುದ್ದಿ ಬಂತಾ?" ಅಂತ ಓಡಿ ಬಂದೆ. ಆ ಮುಖಕ್ಕೆ ಹೇಳಲಾಗಲಿಲ್ಲ. ಹೇಳಿದರೆ ಕೈಯ ವಿಷಯವನ್ನೂ ಹೇಳಬೇಕು. ವಿಮಾನ ಹತ್ತಿದೆ.

ಜೀಪು ಬರುವ ಮೊದಲು ಅವನು ನಿನಗೆ ಅಂತ ಒಂದು ಮಾತು ಹೇಳಿದ. ಅದನ್ನು ಮುಂದಿನ ಕಾಗದದಲ್ಲಿ ಬರೆಯುತ್ತೇನೆ. ಅಂಚೆ ಹೊರಡುತ್ತಿದೆ, ಇದು ಈಗಲೇ ಹೋಗಬೇಕು.

ಕಂಬ ಮುಟ್ಟಬೇಡ.

ಬೂಜಮಾ


ಹಾಸಿ ಲಬಿಯದ್,
16 ಜುಲೈ 1967

ಅಣ್ಣಾ,

ನಿನ್ನ ತಂತಿ ಮತ್ತು ನಿನ್ನ ಕಾಗದ ಒಂದೇ ಟ್ರಕ್ಕಿನಲ್ಲಿ, ಒಂದೇ ಚೀಲದಲ್ಲಿ, ಹನ್ನೆರಡನೆಯ ತಾರೀಕು ಬಂದವು.

ಐದನೆಯ ತಾರೀಕು ನಾವು ಕೆಡವಿಯಾಗಿತ್ತು.

ಎಲ್ಲವನ್ನೂ ಹೇಳುತ್ತೇನೆ. ನೀನು ಏಳು ವರ್ಷ ಮುಚ್ಚಿಟ್ಟೆ, ನಾನು ಒಂದು ವಾರವೂ ಮುಚ್ಚಿಡಲಾರೆ. ಮೊದಲ ಏಟು ನನ್ನದೇ. ಅತ್ತೆ ಕಂಬವನ್ನು ತಬ್ಬಿಕೊಂಡು ಕೂತಿದ್ದಳು. "ಹಿಡ್ಕೊಳ್ರೋ ಅವಳನ್ನ" ಅಂದವಳು ನಾನು. ಇಬ್ಬರು ಹಿಡಿದು ಎಳೆದರು, ಅವಳ ತಲೆವಸ್ತ್ರ ಹರಿಯಿತು. ನಾನು ಸುತ್ತಿಗೆ ಎತ್ತಿದೆ. ಸರದಿಯಲ್ಲಿ ಬಡಿದ ಮೇಲೆ ಕಂಬ ಮುರಿಯಿತು. ಗಂಡಸರು ಕೋವಿ ಹಾರಿಸಿದರು. ಹೆಂಗಸರು ನೆಲಕ್ಕೆ ಬಿದ್ದ ಹರಕೆಯ ಬಟ್ಟೆಗಳನ್ನು ಹೆಕ್ಕಿಕೊಂಡರು. ಬುಡ ಒಡೆಯಲು ಮಧ್ಯಾಹ್ನದ ತನಕ ಬಡಿದರು. ಮೂರು ಹಾರೆ ಬಾಗಿದವು. "ಎಂಥಾ ಸಿಮೆಂಟು ಹಾಕಿದ್ದಾನೋ ಆ ನಾಯಿಮಗ" ಅಂತ ಸೀ ಕದ್ದೂರ್ ಬೆವರು ಒರೆಸಿಕೊಂಡರು. ನಾನೂ ಬೈದೆ. ಬುಡ ಬಿಟ್ಟು ಇಳಿದು ಬಂದೆವು. ಬುಡ ಹಾಗೇ ಇದೆ, ಅಣ್ಣ. ಕೂದಲೆಳೆಯಷ್ಟೂ ಕದಲಿಲ್ಲ.

ಕಾಗದವನ್ನು ಬಾವಿಯ ಹತ್ತಿರ ನಿಂತು ಓದಿದೆ. ಓದಿ ಮನೆಗೆ ಹೋಗಿ ಅತ್ತೆಗೆ ಹೇಳಿದೆ. ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಹೊಡೆದಿದ್ದರೆ ಚೆನ್ನಾಗಿತ್ತು. "ಏಟು ಎಲ್ಲಿಗೆ ಬಿತ್ತು?" ಅಂದಳು.

"ಮೇಲಷ್ಟೇ ಅತ್ತೆ. ಅವನಿಗೆ ತಾಗಿಲ್ಲ."

"ನಡಿ."

ಎಪ್ಪತ್ತು ವರ್ಷದ ಮುದುಕಿ ನನಗಿಂತ ಮುಂದೆ ಗುಡ್ಡ ಹತ್ತಿದಳು. ಬುಡದ ಹತ್ತಿರ ಕೂತು, ಕಿಬ್ಲಾ ಯಾವ ಕಡೆ ಅಂತ ನೋಡಿದಳು. ನೋಡಿ, ಎದ್ದು, ದಕ್ಷಿಣದ ಕಡೆಗೆ, ಅವನ ತಲೆ ಇರುವ ಕಡೆಗೆ ಸರಿದು ಕೂತಳು. "ಇಷ್ಟು ವರ್ಷ ಕಾಲ ಹತ್ರ ಕೂತು ಬೈದ್ನಲ್ಲೋ ಮಗನೇ" ಅಂದಳು. ಸಿಮೆಂಟಿನ ಮೇಲೆ ಕೈ ಇಟ್ಟಳು, ಹಣೆ ಮುಟ್ಟಿ ಜ್ವರ ನೋಡುವ ಹಾಗೆ.

ನಾನು ನಿಂತೇ ಇದ್ದೆ. ಎಲ್ಲಿ ಕೂರುವುದು ಅಂತ ತಿಳಿಯಲಿಲ್ಲ. ಏಳು ವರ್ಷ ಅವನನ್ನು ಎಲ್ಲೆಲ್ಲಿ ಇಟ್ಟು ನೋಡಿದ್ದೆ! ಜೈಲಿನಲ್ಲಿ, ಗಡಿಯಾಚೆ, ಇನ್ನೊಬ್ಬಳ ಮನೆಯಲ್ಲೂ ಇಟ್ಟಿದ್ದೆ. ಆಗೆಲ್ಲ ಕಿಟಕಿ ತೆರೆದರೆ ಕಾಣುವ ಈ ಗುಡ್ಡದ ಮೇಲೆ ಅವನು ಮಲಗಿದ್ದ. ನಾನು ಒಮ್ಮೆಯೂ ಹತ್ತಿರಲಿಲ್ಲ. ಹತ್ತಿದ್ದು ಸುತ್ತಿಗೆ ಹಿಡಿದುಕೊಂಡು.

ಮರುದಿನ ಸೀ ಕದ್ದೂರ್ ಬಂದರು, ಹಿಂದೆ ನಾಲ್ಕು ಗುದ್ದಲಿ. "ಅಗೆದು ಖಚಿತ ಮಾಡ್ಕೋಬೇಕಲ್ಲಮ್ಮ, ಮಂಡಳಿ ಕೇಳುತ್ತೆ" ಅಂದರು. ಅತ್ತೆ ಬುಡದ ಮೇಲೆ ಕಾಲು ಚಾಚಿ ಕೂತಳು. "ಅಗೆಯೋನು ಮೊದಲು ನನ್ನ ಹೂಳಲಿ" ಅಂದಳು. ಅಕ್ಷರ ಶಾಲೆಯ ಹದಿನಾರೂ ಹೆಂಗಸರು ಬಂದು ಸುತ್ತ ಕೂತರು. ಪಾಠಕ್ಕೆ ಒಂದು ದಿನವೂ ಹದಿನಾರು ಜನ ಒಟ್ಟಿಗೆ ಬಂದದ್ದಿಲ್ಲ. ಗುದ್ದಲಿಗಳು ಹಿಂದಕ್ಕೆ ಹೋದವು.

ನಾನು ಮಂಡಳಿಗೆ ಬರೆದಿದ್ದೇನೆ. ಸಾಕ್ಷಿ ಎರಡು ಕೇಳಿದಿರಿ, ಎರಡಿವೆ. ಒಬ್ಬ ಬೂಜಮಾ. ಇನ್ನೊಬ್ಬ ಮಿಲೂದನೇ, ತೊಳೆಯದೆ, ಉಟ್ಟ ಬಟ್ಟೆಯಲ್ಲಿ ಮಲಗಿದ್ದಾನೆ. ನಮ್ಮಲ್ಲಿ ತೊಳೆಯದೆ ಹೂಳುವುದು ಯಾರನ್ನು ಅಂತ ಖಾಜಿಯನ್ನು ಕೇಳಿ ತಿಳಿದುಕೊಳ್ಳಿ. ಹುತಾತ್ಮರನ್ನು. ಓಡಿಹೋದವರನ್ನಲ್ಲ. ಬೂಜಮಾ ಬಂದು ನಿಂತ ಮೇಲೆ, ಅವನ ಕಣ್ಣೆದುರಿಗೆ, ಅವನ ಕೈಯಿಂದಲೇ ತೆಗೆಯಬೇಕು. ಅಲ್ಲಿಯ ತನಕ ಯಾರೂ ಮುಟ್ಟುವ ಹಾಗಿಲ್ಲ.

ನಿನ್ನ ಬರವಿಗೆ ಜಾಮೀನು ಕಾಗದ ಇದರ ಜೊತೆ ಇದೆ. ಸಮಿತಿಯವರು ಮುಖ ಸಿಂಡರಿಸಿದರು. ಫ್ರೆಂಚರ ಆಳಿಗೆ ಜಾಮೀನು ಯಾರು ಅಂದರು. ನಾನು ಸಹಿ ಹಾಕಿದೆ. ಅತ್ತೆ ಹೆಬ್ಬೆಟ್ಟು ಒತ್ತಿ, ಹೆಸರಿನ ಮುಂದೆ "ಹುತಾತ್ಮನ ತಾಯಿ" ಅಂತ ಬರೆಸಿದಳು. ಮಂಡಳಿಯ ಅಪ್ಪಣೆಗೆ ಕಾಯಲಿಲ್ಲ. ಬೇಷಾರ್‌ನಲ್ಲಿ ಯಾರಾದರೂ ತಡೆದರೆ ಇದನ್ನು ತೋರಿಸು. ಬಾಯಿಗೆ ಬಂದದ್ದು ಅನ್ನುತ್ತಾರೆ, ಅನ್ನಿಸಿಕೋ. ಉಗುಳಿದರೆ ಒರೆಸಿಕೋ. ಬಾ.

ಕೈಯ ವಿಷಯ. ಆ ಸಾಲುಗಳನ್ನು ಅತ್ತೆಗೆ ಓದಿ ಹೇಳಲಿಲ್ಲ. ನೀನು ಕೈ ತೆಗೆದಿದ್ದರೆ ಇಬ್ಬರೂ ಸಾಯುತ್ತಿದ್ದಿರಿ, ಅವನನ್ನು ಮರಳಲ್ಲಿ ನಾಯಿಗೆ ಬಿಡುತ್ತಿದ್ದರು, ನನಗೆ ಹೇಳಲು ಯಾರೂ ಉಳಿಯುತ್ತಿರಲಿಲ್ಲ. ತಲೆಗೆ ಇದೆಲ್ಲ ಗೊತ್ತು. ಎದೆಗೆ ಗೊತ್ತಿಲ್ಲ. ಕ್ಷಮಿಸಿದೆ ಅಂತ ಬರೆಯುವುದಿಲ್ಲ, ಕ್ಷಮಿಸಲಿಲ್ಲ ಅಂತಲೂ ಬರೆಯುವುದಿಲ್ಲ. ನಿನ್ನ ಮುಖ ನೋಡಿದ ಮೇಲೆ ಯಾವುದು ಬರುತ್ತದೋ ನೋಡೋಣ.

ಅವನು ನನಗೆ ಅಂತ ಹೇಳಿದ ಮಾತನ್ನು ಮುಂದಿನ ಕಾಗದದಲ್ಲಿ ಬರೆಯುತ್ತೇನೆ ಅಂದಿದ್ದೀಯ.

ಬರೆಯಬೇಡ.

ನನಗೆ ಅದು ಬೇಕು. ಎಷ್ಟು ಬೇಕು ಅಂದರೆ, ನಾಲ್ಕು ದಿನದಿಂದ ನಾನೇ ಊಹಿಸಿ ಊಹಿಸಿ ನೂರು ಮಾತು ಅವನ ಬಾಯಲ್ಲಿ ಇಟ್ಟು ನೋಡಿದ್ದೇನೆ. ಆದರೆ ಅದು ಅಂಚೆಯ ಚೀಲದಲ್ಲಿ, ಮಸಿಯಲ್ಲಿ ಬರುವುದು ಬೇಡ. ಅವನ ದನಿಯನ್ನು ಕೊನೆಗೆ ಕೇಳಿದ ಕಿವಿ ನಿನ್ನದು. ನಿನ್ನ ಬಾಯಿಂದ ಕೇಳುತ್ತೇನೆ. ಈಗಾಗಲೇ ಬರೆದು ಹಾಕಿದ್ದರೆ ಆ ಕಾಗದವನ್ನು ಒಡೆಯುವುದಿಲ್ಲ, ಹಾಗೇ ಇಟ್ಟಿರುತ್ತೇನೆ. ಹಡಗು ಹತ್ತು. ಬಂದು ಹೇಳು.

ಕೆಲ್ತೂಮ್,
ಮಿಲೂದನ ವಿಧವೆ